ಕಿವಿಯಮ್ಮ ಕಲಿಸಿದ ಯಂತ್ರ

"ನನ್ನ ಕಿವಿ ಕೊಯ್ದು ಆ ಡಬ್ಬಕ್ಕೆ ಅಂಟಿಸೋಕೆ ಹೊರಟಿದ್ದೀಯಲ್ಲೇ, ನಿನ್ನ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೆ?"

"ಇಳೀತಿಲ್ಲ ಅತ್ತೆ. ನೀವು ಎದುರಿಗೆ ಕೂತು ಹೀಗೆ ಕಿರುಚಿದರೆ ಯಾರಿಗೆ ಇಳಿಯುತ್ತೆ?"

"ಓಹೋ, ಬಾಯಿ ಬಂತು! ಮಾಲೀಕ ಕುರ್ಚಿ ಕೊಟ್ಟ, ಜತೆಗೆ ಬಾಯಿನೂ ಕೊಟ್ಟ."

"ಅಮ್ಮಾ, ಸಾಕು ಮಾಡು," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ.

"ನೀನು ಸುಮ್ಮನಿರೋ. ಲಾರಿ ಓಡಿಸೋನಿಗೆ ರಸ್ತೆ ಮಾತ್ರ ಕಾಣುತ್ತೆ. ಮನೆಯೊಳಗೆ ಯಾರು ಯಾರ ಮೇಲೆ ಗಾಡಿ ಹತ್ತಿಸ್ತಿದ್ದಾರೆ ಅನ್ನೋದು ಕಾಣಲ್ಲ."

ಅನ್ನ ಆರಿ ಅರ್ಧ ಗಂಟೆಯಾಗಿತ್ತು. ಬಡಿಸಬೇಕಾದ ಅತ್ತೆಯ ಗಂಡ ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದರೆ ತನಗೂ ಒಂದು ಬೀಳುತ್ತದೆ ಎಂದು ಅವನಿಗೆ ನಲವತ್ತು ವರ್ಷದ ಅನುಭವದಿಂದ ಗೊತ್ತಿತ್ತು.

ಜಗಳದ ಬೇರು ಹೆಂಚಿನ ಕಾರ್ಖಾನೆಯಲ್ಲಿತ್ತು. ಅಲ್ಲಿ ಮೂವತ್ತೊಂದು ವರ್ಷದಿಂದ ಅತ್ತೆಯದು ಒಂದೇ ಕೆಲಸ, ಹೆಂಚು ತಟ್ಟುವುದು. ಭಟ್ಟಿಯಿಂದ ಬೆಂದು ಬಂದ ಹೆಂಚನ್ನು ಎಡಗೈಯ ಎರಡು ಬೆರಳಲ್ಲಿ ಮೂಲೆ ಹಿಡಿದು ತೂಗಬಿಡಬೇಕು, ಬಲಗೈಯ ನಡುಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಬೇಕು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು. ಮೊದಲ ಮಳೆಗೆ ಯಾರದೋ ಹಾಸಿಗೆಯ ಮೇಲೆ ನೀರು. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಕೇಳಿಸುತ್ತಿತ್ತು. ದಿನಕ್ಕೆ ಎರಡು ಸಾವಿರ ಹೆಂಚು ತಟ್ಟಿ ತಟ್ಟಿ ಆ ಗೆಣ್ಣು ಅಡಿಕೆಯಷ್ಟು ದಪ್ಪವಾಗಿತ್ತು. ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಅವಳು ಕಿವಿಯಮ್ಮ ಆಗಿದ್ದಳು. ಅವಸರದಲ್ಲಿ ಗಂಡನೂ ಹಾಗೇ ಕರೆದುಬಿಡುತ್ತಿದ್ದ. ಕಾರ್ಖಾನೆಯ ಪಟ್ಟಿಯಲ್ಲಿ ಮಾತ್ರ ಅವಳು ಮೊದಲ ದಿನದಿಂದ ಇವತ್ತಿನವರೆಗೂ 'ಹೆಲ್ಪರ್'. ಯಾರಿಗೆ ಹೆಲ್ಪು ಅಂತ ಅವಳು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅವಳಿಗೊಂದು ಅಭ್ಯಾಸವಿತ್ತು. ಹೆಂಚು ಕೆಟ್ಟದ್ದು ಎಂದು ಕಿವಿಗೆ ಬಿದ್ದ ಕೂಡಲೇ ನಾಲಿಗೆಯನ್ನು ಹಲ್ಲಿಗೆ ಹೊಡೆದು 'ಚ್' ಎಂದು ಲೊಚಗುಟ್ಟಿ ಎಡಕ್ಕೆ ಎಸೆಯುತ್ತಿದ್ದಳು. ಮನೆಯಲ್ಲೂ ಅದೇ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೋ, ಚ್. ಟಿವಿ ಜೋರಾಯಿತೋ, ಚ್. ಆ ಒಂದು ಸದ್ದಿಗೆ ಸೊಸೆ ಸೌಟು ಕೆಳಗಿಡುತ್ತಿದ್ದಳು, ಮಗ ಟಿವಿ ಆರಿಸುತ್ತಿದ್ದ, ಹತ್ತು ವರ್ಷದ ಮೊಮ್ಮಗಳು ಕೇಳದೆಯೇ ಕಾಲು ತೊಳೆಯಲು ಓಡುತ್ತಿದ್ದಳು.

ಈಗ ಕಾರ್ಖಾನೆಗೆ ಕೇಳುವ ಯಂತ್ರ ಬಂದಿತ್ತು. ಅದನ್ನು ನೋಡಿಕೊಳ್ಳಲು ಮಾಲೀಕರು ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದ ಸೊಸೆಯನ್ನೇ ಆರಿಸಿದ್ದರು. ಆರು ವಾರ ಬಿಟ್ಟು ದೊಡ್ಡ ಗಿರಾಕಿಗಳು ನೋಡಲು ಬರುತ್ತಾರೆ. ಯಂತ್ರ ಪಾಸಾದರೆ ತಟ್ಟುವ ಷೆಡ್ಡಿಗೆ ಬೀಗ. ಫೇಲಾದರೆ ಯಂತ್ರ ವಾಪಸು, ಅದರ ಹಿಂದೆಯೇ ಅದನ್ನು ನೋಡಿಕೊಂಡವಳೂ ಮನೆಗೆ. ಅವಳ ಹಳೆಯ ಕುರ್ಚಿಯಲ್ಲಿ ಆಗಲೇ ಬೇರೆಯವಳು ಕೂತಾಗಿತ್ತು. ಒಟ್ಟಿನಲ್ಲಿ ಈ ಮನೆಯಿಂದ ಬೆಳಿಗ್ಗೆ ಹೊರಡುವ ಎರಡು ಬುತ್ತಿಗಳಲ್ಲಿ ಒಂದು ಇನ್ನು ಹೊರಡುವುದಿಲ್ಲ. ಯಾರದು ಎನ್ನುವುದೇ ಜಗಳ.

"ನಾನು ಬೇಡ ಅಂದರೆ ಇನ್ನೊಬ್ಬಳನ್ನು ಕೂರಿಸ್ತಾರೆ ಅತ್ತೆ," ಎಂದಳು ಸೊಸೆ.

"ಕೂರಿಸಲಿ. ಪರರು ಹೊಡೆದರೆ ಪೆಟ್ಟು ಮಾತ್ರ. ಮನೆಯವಳು ಹೊಡೆದರೆ ಪೆಟ್ಟಿನ ಜತೆ ನಾಚಿಕೆನೂ ಆಗುತ್ತೆ."

ತಟ್ಟೆ ತಳ್ಳಿ ಎದ್ದಳು. ಗಂಡ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

*

ರಜೆಯ ದಿನ ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದರು. ಭಟ್ಟಿಗೆ ಮೂವತ್ತು ವರ್ಷ ಉರಿ ಹಾಕಿ ಬೆನ್ನು ಬಾಗಿಸಿಕೊಂಡ ಗಂಡ ಈಗ ಮನೆಯ ಅಡುಗೆಯವನು. ಉರಿ ಅವನನ್ನು ಬಿಡಲಿಲ್ಲ, ಸಣ್ಣದಾಯಿತು ಅಷ್ಟೆ.

"ಈ ಎಐ ಅಂದ್ರೆ ಏನಮ್ಮ? ಪೇಪರಿನಲ್ಲಿ ಕೃತಕ ಬುದ್ಧಿಮತ್ತೆ ಅಂತ ಹಾಕ್ತಾರೆ," ಎಂದು ಅವನು ಸೊಸೆಯನ್ನು ಕೇಳಿದ.

"ಮನುಷ್ಯರು ಮಾಡಿದ ಬುದ್ಧಿ ಮಾವ."

"ನಿನ್ನ ಗಂಡನನ್ನೂ ಮನುಷ್ಯರೇ ಮಾಡಿದ್ದು. ಅದರಲ್ಲಿ ಬುದ್ಧಿ ಬಂದಿಲ್ಲ," ಎಂದಳು ಕಿವಿಯಮ್ಮ, ಯಾರ ಮುಖವನ್ನೂ ನೋಡದೆ. ಮಗ ನಕ್ಕ. ಸೊಸೆಯೂ ನಗು ತಡೆದುಕೊಂಡಳು.

"ಹಿಟ್ಟಿನ ಗಿರಣಿಗೆ ಯಾರೂ ಪಾಠ ಹೇಳಲ್ಲ ಮಾವ. ಗುಂಡಿ ಒತ್ತಿದರೆ ತಿರುಗುತ್ತೆ. ಇದು ಹಾಗಲ್ಲ. ಇದಕ್ಕೆ ತೋರಿಸಬೇಕು. ಇದು ಒಳ್ಳೇ ಹೆಂಚಿನ ಶಬ್ದ, ಇದು ಕೆಟ್ಟದ್ದರ ಶಬ್ದ, ಹೀಗೆ ಸಾವಿರಾರು ಸಲ. ಒಳ್ಳೇದರಲ್ಲೆಲ್ಲ ಏನಿದೆ, ಕೆಟ್ಟದ್ದರಲ್ಲೆಲ್ಲ ಏನಿದೆ ಅಂತ ಅದೇ ಹುಡುಕಿಕೊಳ್ಳುತ್ತೆ."

"ಏನು ಹುಡುಕಬೇಕು ಅಂತ ನೀನು ಹೇಳಿಕೊಡಲ್ವಾ?"

"ಇಲ್ಲ. ಒಳಗೆ ಅದು ಏನು ಹಿಡ್ಕೊಂಡಿದೆ ಅಂತ ನಮಗೂ ಪೂರ್ತಿ ಗೊತ್ತಾಗಲ್ಲ."

"ಮಗು ಇದ್ದ ಹಾಗೆ."

"ಮಗು ಎರಡು ಸಲ ಕೈ ಸುಟ್ಟುಕೊಂಡರೆ ಕಲಿಯುತ್ತೆ ಮಾವ. ಇದಕ್ಕೆ ಹತ್ತು ಸಾವಿರ ಸಲ ಬೇಕು."

"ದಡ್ಡ ಮುಂಡೇದು," ಎಂದಳು ಕಿವಿಯಮ್ಮ.

ಮೊಮ್ಮಗಳು ಅಮ್ಮನ ಫೋನು ತಂದಳು. "ತಾತ, ಇದರಲ್ಲೂ ಎಐ ಇದೆ. ಏನು ಬೇಕಾದರೂ ಕೇಳು. ನನ್ನ ಲೆಕ್ಕ ಎಲ್ಲಿ ತಪ್ಪಿದೆ ಅಂತ ತೋರಿಸುತ್ತೆ. ಬೇರೆ ಭಾಷೆಯ ಕಾಗದ ಕೊಟ್ಟರೆ ನಮ್ಮ ಭಾಷೆಯಲ್ಲಿ ಓದಿ ಹೇಳುತ್ತೆ. ಎದೆಯ ಫೋಟೋ ತೆಗೀತಾರಲ್ಲ ಆಸ್ಪತ್ರೆಲಿ, ಅದನ್ನ ನೋಡೋಕೆ ಡಾಕ್ಟರಿಗೂ ಸಹಾಯ ಮಾಡುತ್ತಂತೆ, ನಮ್ಮ ಟೀಚರ್ ಹೇಳಿದ್ರು."

ತಾತನಿಗೆ ಎದೆಯ ಫೋಟೋ ಬೇಕಿರಲಿಲ್ಲ. ನಿನ್ನೆ ಅನ್ನ ತಳ ಹಿಡಿದ ಪಾತ್ರೆ ಮೂಲೆಯಲ್ಲಿ ಕೂತಿತ್ತು. ಅದನ್ನು ಕೇಳಿದ. ಬಿಸಿನೀರಿಗೆ ಅಡುಗೆ ಸೋಡ ಹಾಕಿ ನೆನೆಸಿಡಿ ಎಂದಿತು ಫೋನು. ನೆನೆಸಿದ, ಕರಿ ಬಿಟ್ಟುಕೊಂಡು ಬಂತು. ಮುದುಕ ಹಿಗ್ಗಿ ಹೀರೇಕಾಯಾದ. "ನೋಡಿದ್ಯಾ! ಇಷ್ಟು ವರ್ಷ ಬೂದಿ ಹಾಕಿ ತಿಕ್ಕಿ ಸಾಯ್ತಿದ್ದೆ." ಆಮೇಲೆ ಪರೀಕ್ಷೆ ಮಾಡುವ ಹುಮ್ಮಸ್ಸಿನಲ್ಲಿ ಕೇಳಿದ: "ನಮ್ಮ ಕಾರ್ಖಾನೆ ಭಟ್ಟಿ ಎಷ್ಟು ಹೊತ್ತು ಉರೀಬೇಕು?"

ಹನ್ನೆರಡು ಗಂಟೆ ಸಾಕು ಎಂದಿತು ಫೋನು, ಒಂದಿಷ್ಟೂ ಅಳುಕದೆ.

ಮುದುಕ ನಕ್ಕು ನಕ್ಕು ಕೆಮ್ಮು ಬಂದು ಗೋಡೆ ಹಿಡಿದುಕೊಂಡ. "ಹನ್ನೆರಡು ಗಂಟೆ! ಮೂರು ಹಗಲು ಮೂರು ರಾತ್ರಿ ಕಣೋ ಪುಣ್ಯಾತ್ಮ! ಇದು ನಮ್ಮ ಹಳೇ ಮ್ಯಾನೇಜರ್ ಇದ್ದ ಹಾಗೆ. ಗೊತ್ತಿದ್ದರೂ ಹೇಳ್ತಾನೆ, ಗೊತ್ತಿಲ್ಲದಿದ್ದರೂ ಅದೇ ಗತ್ತಲ್ಲಿ ಹೇಳ್ತಾನೆ."

"ಅದಕ್ಕೇ ಕಲಿಸೋರು ಸರಿಯಾಗಿರಬೇಕು ಮಾವ," ಎಂದಳು ಸೊಸೆ. "ನಮ್ಮ ಭಟ್ಟಿ ಅದು ನೋಡಿಲ್ಲ. ನೋಡದೇ ಇರೋದನ್ನ ಊಹೆ ಮಾಡಿ ಹೇಳುತ್ತೆ."

ಮುರಿದ ಹುರುಳಿಕಾಯನ್ನೇ ಕಿವಿಯಮ್ಮ ಮತ್ತೆ ಮುರಿಯುತ್ತಿದ್ದುದನ್ನು ಗಂಡ ಕಂಡ.

*

ಮಾರನೆಯ ದಿನದಿಂದ, ಮಾಲೀಕರ ಅಪ್ಪಣೆಯಂತೆ ಯಂತ್ರಕ್ಕೆ ಕಲಿಸಲು, ಷೆಡ್ಡಿನಲ್ಲಿ ಅತ್ತೆ ಸೊಸೆ ಎದುರುಬದುರು. ಅತ್ತೆಯ ಮುಖದ ಮುಂದೆ ಒಂದು ಕಡ್ಡಿಯ ಮೇಲೆ ಮೈಕು. ಅವಳು ತಟ್ಟಬೇಕು, ಸೊಸೆ ಕಂಪ್ಯೂಟರಿನಲ್ಲಿ ಒಳ್ಳೆಯದಕ್ಕೊಂದು ಕೆಟ್ಟದ್ದಕ್ಕೊಂದು ಕೀಲಿ ಒತ್ತಬೇಕು. ಮೊದಲ ದಿನ ಅವಳು ಮೈಕನ್ನು ಮೂರು ಸಲ ಮೊಣಕೈಯಿಂದ ಬೀಳಿಸಿದಳು. "ಮೂಗಿಗೆ ತಾಗುತ್ತೆ," ಎಂದಳು. ತಾಗುತ್ತಿರಲಿಲ್ಲ.

ಎಂಟು ಗಂಟೆ ಎದುರಿಗೆ ಕೂತೂ ಮಾತಿಲ್ಲ. ಮನೆಗೆ ಬಂದರೆ ಮಾತೆಲ್ಲ ಮೊಮ್ಮಗಳ ಮೂಲಕ.

"ನಿಮ್ಮಮ್ಮನಿಗೆ ಹೇಳು, ಬಟ್ಟೆ ಒಗೆಯೋ ಸರದಿ ಅವಳದು."

"ನಿಮ್ಮಜ್ಜಿಗೆ ಹೇಳು, ಆಗಲೇ ನೆನೆಹಾಕಿದ್ದೀನಿ."

"ನಾನೇನು ಪೋಸ್ಟ್ ಡಬ್ಬಾನಾ?" ಎಂದು ಆ ಹುಡುಗಿ ಒಂದು ದಿನ ರೇಗಿದಳು. ಅಜ್ಜಿಯ ಸಿಟ್ಟು ಅವಳಿಗೇ ಬಂದಿತ್ತು. ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ವಿಷಯ ಅದೊಂದೇ.

ಮೂರು ವಾರಕ್ಕೆ ಹತ್ತು ಸಾವಿರ ಹೆಂಚು ಮುಗಿಯಿತು. ಯಂತ್ರದ ಕಂಪನಿಯವನು ಬಂದು ಅವಳು ಒಳ್ಳೆಯದೆಂದ ಐವತ್ತು, ಕೆಟ್ಟದ್ದೆಂದ ಐವತ್ತು ಆರಿಸಿ ನೀಲಿನೀರಿನಲ್ಲಿ ಮುಳುಗಿಸಿದ. ಬಿರುಕು ಇದ್ದರೆ ನೀಲಿ ಒಳಗೆ ಇಳಿದು ಗೆರೆ ಬರುತ್ತದೆ. ಒಂದು ಕಡೆ ಐವತ್ತಕ್ಕೆ ಐವತ್ತು ಗೆರೆ, ಇನ್ನೊಂದು ಕಡೆ ಒಂದೂ ಇಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಎಣಿಸಿದ.

"ಎಷ್ಟೋ ಊರಲ್ಲಿ ಈ ಕೆಲಸ ಮಾಡಿದೀನಿ, ಇಷ್ಟು ಚೊಕ್ಕವಾಗಿ ಕಲಿಸೋರನ್ನ ನೋಡಿಲ್ಲ ಅಂದ ಅತ್ತೆ ಅವನು," ಎಂದು ಸೊಸೆ ಅವತ್ತು ಊಟಕ್ಕೆ ಕೂತಾಗ ನೇರವಾಗಿಯೇ ಹೇಳಿದಳು.

"ಚ್," ಎಂದಳು ಕಿವಿಯಮ್ಮ. ಆದರೆ ಎಂದೂ ಇಲ್ಲದೆ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಯಂತ್ರ ಎರಡು ದಿನ ತನ್ನಷ್ಟಕ್ಕೆ ಕಲಿಯಿತು. ಅದು ಹಿಂದೆ ಕೇಳಿರದ ನೂರು ತಟ್ಟುಗಳನ್ನು ಅದೇ ಧ್ವನಿಮುದ್ರಣದಿಂದ ತೆಗೆದು ಕೇಳಿಸಿದರೆ ತೊಂಬತ್ತೊಂಬತ್ತು ಸರಿ ಹೇಳಿತು. ಮಾಲೀಕರು ಸೊಸೆಯ ಮೇಜಿಗೆ ಫ್ಯಾನು ಹಾಕಿಸಿಕೊಟ್ಟರು. ಕಿವಿಯಮ್ಮ ಬುತ್ತಿ ಬಿಚ್ಚದೆ ಹಾಗೇ ಮನೆಗೆ ತಂದಳು.

*

ಆಮೇಲೆ ತಟ್ಟುವ ಪುಟ್ಟ ಸುತ್ತಿಗೆ ಬಂತು. ಇನ್ನು ಮನುಷ್ಯರ ಗೆಣ್ಣು ಬೇಡ. ಹೆಂಚು ಮೇಜಿನ ಮೇಲೆ ಬರುತ್ತದೆ, ಸುತ್ತಿಗೆ ತಟ್ಟುತ್ತದೆ, ಯಂತ್ರ ಕೇಳುತ್ತದೆ. ಗಟ್ಟಿಯಾದರೆ ಹಸಿರು ದೀಪ, ಬಿರುಕಾದರೆ ಕೆಂಪು.

ಎಲ್ಲವೂ ಹಸಿರು.

ಗಟ್ಟಿ ಹೆಂಚಿಗೂ ಹಸಿರು, ಬಿರುಕಿನದಕ್ಕೂ ಹಸಿರು. ಕೊನೆಗೆ ಸೊಸೆ ಎರಡು ತುಂಡಾದ ಹೆಂಚನ್ನೇ ಜೋಡಿಸಿ ಇಟ್ಟಳು. ಅದಕ್ಕೂ ಹಸಿರು. ಸುತ್ತ ನಿಂತಿದ್ದ ಮಣ್ಣು ಕಲಸುವವರು ಬಿದ್ದು ಬಿದ್ದು ನಕ್ಕರು. "ಒಳ್ಳೇ ಮನಸ್ಸಿನ ಯಂತ್ರ ಕಣಮ್ಮ, ಯಾರನ್ನೂ ಬೇಡ ಅನ್ನಲ್ಲ!" ಎಂದ ಒಬ್ಬ.

ಕಂಪನಿಯವನು ಫೋನಿನಲ್ಲಿ ಸುತ್ತಿಗೆಯ ತೂಕ ಬದಲಿಸಿ ಎಂದ, ಮೈಕು ಬದಲಿಸಿ ಎಂದ. ಬದಲಿಸಿದರು. ಹಸಿರು. ಮಾಲೀಕರು ಷೆಡ್ಡಿನ ನಡುವೆ ನಿಂತು ಕೂಗಿದರು: "ಇನ್ನು ಹದಿನೈದು ದಿನ ಇದೆ. ಇದು ಹೀಗೇ ಹಲ್ಲು ಕಿರಿಯುತ್ತಿದ್ದರೆ ನೀನೂ ಇದರ ಜತೆ ಪೆಟ್ಟಿಗೆಯಲ್ಲಿ ಕೂತು ಹೊರಡಮ್ಮ."

ಸೊಸೆ ಆ ವಾರ ಸರಿಯಾಗಿ ಉಣ್ಣಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಮಗ ಒಂದು ದಿನ ಚಹಾ ಲೋಟ ನೆಲಕ್ಕೆ ಕುಕ್ಕಿ, "ಅಮ್ಮಾ, ಈಗ ನಿನಗೆ ಸಂತೋಷ ತಾನೇ?" ಎಂದ.

"ನನಗ್ಯಾಕೋ ಸಂತೋಷ? ನಾನು ಕಲಿಸಿದ್ದರಲ್ಲಿ ಒಂದು ತಪ್ಪಿದೆಯಾ ಕೇಳು ಅವಳನ್ನ. ನೂರಕ್ಕೆ ನೂರು ನೀಲಿನೀರು ಹೇಳಿದೆ. ಕಲಿಯೋರಿಗೆ ಕಿವಿ ಇಲ್ಲದಿದ್ದರೆ ನಾನೇನು ಮಾಡಲಿ?"

ಹಾಗೆ ಹೇಳಿದಳು, ಆದರೆ ಆ ಮಾತು ಅವಳಿಗೇ ಚುಚ್ಚಿತು. ಮಣ್ಣು ಕಲಸುವವರ ನಗು ಕಿವಿಯಲ್ಲಿತ್ತು. ಅವರು ನಕ್ಕಿದ್ದು ಯಂತ್ರವನ್ನು ನೋಡಿ ನಿಜ. ಆದರೆ ಯಂತ್ರ ಕಲಿತದ್ದು ಯಾರ ಹತ್ತಿರ?

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಯಂತ್ರದ ಮುಂದೆ ಹೋಗಿ ನಿಂತಳು. ತನ್ನ ಕೈಯಾರೆ ತಟ್ಟಿ ನೋಡಿದ ಗಟ್ಟಿ ಹೆಂಚೊಂದನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಸುತ್ತಿಗೆ ಬಿತ್ತು, ಟಣ್. ಹಸಿರು. ಬಿರುಕಿನದೊಂದು ಇಟ್ಟಳು. ಡಬ್. ಹಸಿರು.

"ಚ್! ಡಬ್ ಅಂತ ಕಿವಿ ಹರಿಯೋ ಹಾಗೆ ಹೇಳ್ತಿದೆ, ಕೇಳಲ್ವೇನೋ ಕಿವುಡ ಮುಂಡೇದೇ," ಎಂದು ಬೈದು, ಮತ್ತೆ ಗಟ್ಟಿ ಹೆಂಚನ್ನಿಟ್ಟಳು. ಸಿಟ್ಟು ಇಳಿದಿರಲಿಲ್ಲ. ಸುತ್ತಿಗೆ ಬಿದ್ದ ಹೊತ್ತಿಗೇ ನಾಲಿಗೆ ಇನ್ನೊಮ್ಮೆ ಲೊಚಗುಟ್ಟಿತು.

ಕೆಂಪು.

ಅವಳು ಹೆಂಚು ಎತ್ತಿ ಗೆಣ್ಣಿನಿಂದ ತಟ್ಟಿದಳು. ಟಣ್. ಬಂಗಾರದಂಥ ಹೆಂಚು. ಬಾಯಿ ಬಿಗಿಹಿಡಿದು ಮತ್ತೆ ಇಟ್ಟಳು. ಹಸಿರು. ಚ್ ಎಂದಳು. ಕೆಂಪು. ಚ್. ಕೆಂಪು. ಸುಮ್ಮನಾದಳು. ಹಸಿರು.

ಬೆವರು ಒರೆಸಿಕೊಂಡು ಅಲ್ಲೇ ಹೆಂಚಿನ ರಾಶಿಯ ಮೇಲೆ ಕೂತಳು. ಹತ್ತು ಸಾವಿರ ಸಲ ಅವಳು ತಟ್ಟಿದ್ದಳು. ಕೆಟ್ಟದ್ದು ಬಂದಾಗಲೆಲ್ಲ ಲೊಚಗುಟ್ಟಿದ್ದಳು. ಯಂತ್ರ ಹೆಂಚಿನ ಕಡೆ ತಿರುಗಿಯೂ ನೋಡಿರಲಿಲ್ಲ. ಅದು ಕಲಿತದ್ದು ಅವಳ ನಾಲಿಗೆಯನ್ನು.

ಈ ಗುಟ್ಟು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಷೆಡ್ಡು ಅವಳದೇ.

*

ಎರಡು ದಿನ ಮುಚ್ಚಿಕೊಂಡಿದ್ದಳು.

ಮೂರನೆಯ ದಿನ ಸಂಜೆ ಗಂಡ ಬೇಳೆ ಮಾಡಿದ್ದ. ಬಡಿಸಿ ಮುಗಿದಿರಲಿಲ್ಲ. ಕಿವಿಯಮ್ಮ ಅದೇನು ಯೋಚಿಸುತ್ತಿದ್ದಳೋ, ತಟ್ಟೆ ನೋಡುತ್ತ ಚ್ ಎಂದಳು. ಅಷ್ಟೇ. ಮಗ ಎತ್ತಿದ ತುತ್ತನ್ನು ಕೆಳಗಿಟ್ಟ. ಮೊಮ್ಮಗಳು ತಟ್ಟೆ ಸರಿಸಿದಳು. ಸೊಸೆ, "ಉಪ್ಪು ಹೆಚ್ಚಾಗಿರಬೇಕು, ಸ್ವಲ್ಪ ನೀರು ಬೆರೆಸ್ತೀನಿ," ಎಂದು ಪಾತ್ರೆಗೆ ಕೈಹಾಕಿದಳು.

ಗಂಡನಿಗೆ ಎಲ್ಲಿತ್ತೋ ಸಿಟ್ಟು. "ಇಡು ಪಾತ್ರೆ! ಯಾರಾದರೂ ಬಾಯಿಗೆ ಹಾಕ್ಕೊಂಡ್ರೇನ್ರೋ? ಇವಳೂ ತಿಂದಿಲ್ಲ, ನೀವೂ ತಿಂದಿಲ್ಲ! ಇವಳು ಚ್ ಅಂದ್ಲು, ನನ್ನ ಬೇಳೆ ಕೆಟ್ಟುಹೋಯ್ತು! ನಾಲಿಗೆ ಇರೋದು ಇವಳೊಬ್ಬಳಿಗೇನಾ ಈ ಮನೇಲಿ?"

ಎಲ್ಲರೂ ಬೆದರಿ ಒಂದೊಂದು ತುತ್ತು ತಿಂದರು. ಬೇಳೆ ಚೆನ್ನಾಗಿತ್ತು.

ಕಿವಿಯಮ್ಮ ಸೊಸೆಯನ್ನೇ ನೋಡಿದಳು. ಹದಿಮೂರು ವರ್ಷದಲ್ಲಿ ಹೀಗೆ ನೋಡಿರಲಿಲ್ಲ.

"ಲೇ, ನಾನು ತಟ್ಟುವಾಗ ನೀನು ಏನು ನೋಡಿ ಕೀಲಿ ಒತ್ತುತ್ತಿದ್ದೆ?"

"ಅಂದ್ರೆ?"

"ಎಡಕ್ಕೆ ಎಸೆದದ್ದು ನೋಡಿ ಒತ್ತುತ್ತಿದ್ದೆಯಾ?"

ಸೊಸೆ ಯೋಚಿಸಿದಳು. "ಇಲ್ಲ... ನೋಡ್ತಿರಲಿಲ್ಲ ಅತ್ತೆ. ನೀವು ಚ್ ಅಂದ ತಕ್ಷಣ ಬೆರಳು ತಾನೇ ಹೋಗ್ತಿತ್ತು."

"ನಿನ್ನ ಯಂತ್ರನೂ ಅಷ್ಟೇ ಕಣೆ. ಅದಕ್ಕೆ ಹೆಂಚು ಗೊತ್ತಿಲ್ಲ. ನನ್ನ ನಾಲಿಗೆ ಗೊತ್ತು. ಚ್ ಅಂದರೆ ಕೆಂಪು, ಸುಮ್ಮನಿದ್ದರೆ ಹಸಿರು. ಮೊನ್ನೆಯೇ ನೋಡಿದೆ."

ಸೊಸೆ ತುತ್ತು ಕೆಳಗಿಟ್ಟಳು. "ಮೊನ್ನೆಯೇ?"

"ಹ್ಞೂಂ, ಮೊನ್ನೆಯೇ. ಹೇಳಬೇಕೋ ಬೇಡವೋ ಅಂತ ಇದ್ದೆ. ಮುಖ ಯಾಕೆ ಹಾಗೆ ಮಾಡ್ತೀಯ? ನನ್ನ ಜಾಗದಲ್ಲಿ ನೀನಿದ್ದಿದ್ದರೆ ಎರಡು ದಿನ ಅಲ್ಲ, ಎರಡು ವರ್ಷ ಹೇಳ್ತಿರಲಿಲ್ಲ."

"ಮತ್ತೆ ಈಗ ಯಾಕೆ ಹೇಳಿದ್ರಿ?"

"ಕಿವಿಯಮ್ಮ ಕಲಿಸಿದ ಯಂತ್ರ ಮುರಿದ ಹೆಂಚಿಗೆ ಹಸಿರು ದೀಪ ಹಾಕ್ತು ಅಂತ ನಾಳೆ ಗಿರಾಕಿಗಳು ನಗ್ತಾರೆ. ಕೆಲಸ ಹೋದರೆ ಹೋಗಲಿ. ಆ ನಗು ನನಗೆ ಬೇಡ. ಮೂವತ್ತೊಂದು ವರ್ಷ ನಾನು ಗಟ್ಟಿ ಅಂದ ಒಂದು ಹೆಂಚೂ ಸೋರಿಲ್ಲ."

ಸೊಸೆ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. "ಹದಿಮೂರು ವರ್ಷ ಕೇಳಿ ಕೇಳಿ ಅದು ನನಗೆ ಶಬ್ದ ಅಂತಲೇ ಅನ್ನಿಸಿರಲಿಲ್ಲ ಅತ್ತೆ. ಗಡಿಯಾರ ಇದ್ದ ಹಾಗೆ ಆಗಿಬಿಟ್ಟಿತ್ತು."

"ಸರಿ, ಅಳೋದು ಆಮೇಲೆ. ಮೊದಲಿಂದ ಕಲಿಸೋಣ. ಈ ಸಲ ಬಾಯಿ ಬಿಡಲ್ಲ."

"ನೀನಾ? ಬಾಯಿ ಬಿಡದೆ?" ಎಂದ ಗಂಡ.

"ಚ್," ಎಂದಳು. ಮೊಮ್ಮಗಳು ನಕ್ಕಳು. ಯಾರೂ ತಟ್ಟೆ ಸರಿಸಲಿಲ್ಲ.

*

ಬಾಯಿ ಮುಚ್ಚುವುದು ಅಷ್ಟು ಸುಲಭವಿರಲಿಲ್ಲ. ಬಟ್ಟೆ ಕಟ್ಟಿ ನೋಡಿದಳು, ಒಳಗಿಂದಲೇ ಚ್ ಬಂತು. ಕೊನೆಗೆ ಉಪಾಯ ಅವಳಿಗೇ ಹೊಳೆಯಿತು. ಬಾಯಿ ತುಂಬ ನೀರು ತುಂಬಿಕೊಂಡು ಕೂತಳು. ನೀರಿದ್ದರೆ ನಾಲಿಗೆ ಹಲ್ಲಿಗೆ ಹೊಡೆಯುವುದಿಲ್ಲ. ಹತ್ತು ಹೆಂಚಿಗೊಮ್ಮೆ ಉಗುಳಿ ಮತ್ತೆ ತುಂಬಿಕೊಳ್ಳುವಳು. ಗಟ್ಟಿಯಾದರೆ ಒಂದು ಬೆರಳು, ಬಿರುಕಾದರೆ ಎರಡು. ಸೊಸೆ ತಲೆ ಎತ್ತಿ ಬೆರಳು ನೋಡಿಯೇ ಕೀಲಿ ಒತ್ತಬೇಕು.

ಒಂಬತ್ತು ದಿನ ಷೆಡ್ಡಿನಲ್ಲಿ ಬೈಗುಳ ಕೇಳಿಸಲಿಲ್ಲ. ಮಣ್ಣು ಕಲಸುವವರು ಬೇಕೆಂದೇ ಬಂದು ಅವಳ ಎದುರು ನಿಂತು ತಮಾಷೆ ಮಾಡುತ್ತಿದ್ದರು. ಅವಳು ಕಣ್ಣಲ್ಲೇ ಬೈದು, ಉಗುಳಿದ ಕೂಡಲೇ ಮತ್ತೆ ನೀರು ತುಂಬಿಕೊಳ್ಳುತ್ತಿದ್ದಳು. "ಈ ನೀರಿನ ಔಷಧ ಮೊದಲೇ ಗೊತ್ತಿದ್ದರೆ ನನ್ನ ಯೌವನ ಉಳೀತಿತ್ತು," ಎಂದ ಗಂಡ.

ಒಬ್ಬಳ ಗೆಣ್ಣಿನ ಸದ್ದೇ ಕೇಳಿದರೆ ಯಂತ್ರ ಅದನ್ನೇ ಕಲಿತುಬಿಟ್ಟೀತು ಎಂದಳು ಸೊಸೆ. ಸರಿ, ರಜೆಯ ದಿನ ಇಡೀ ಮನೆಯೇ ಕಾರ್ಖಾನೆಗೆ ಬಂತು. ಬೆಂಕಿಯಲ್ಲಿ ಸುಟ್ಟು ದಪ್ಪಗಾದ ಬೆರಳಿನಿಂದ ಗಂಡ ತಟ್ಟಿದ. ಸ್ಟೀರಿಂಗ್ ಹಿಡಿದ ಕೈಯಿಂದ ಮಗ ತಟ್ಟಿದ. ಮೊಮ್ಮಗಳು ತಟ್ಟಿ ತಟ್ಟಿ ಬೆರಳು ಕೆಂಪಾಗಿಸಿಕೊಂಡಳು. ಸುತ್ತಿಗೆಯಿಂದಲೂ ತಟ್ಟಿಸಿದರು. ಕಿವಿಯಮ್ಮ ನಡುವೆ ಸ್ಟೂಲಿನ ಮೇಲೆ ಕೂತು ಬಾಯಿ ಉಬ್ಬಿಸಿಕೊಂಡು ಬೆರಳು ತೋರಿಸಿದಳು, ಒಂದು, ಒಂದು, ಎರಡು, ಒಂದು. ಒಂದು ಹೊತ್ತಿನಲ್ಲಿ ಸೊಸೆಯ ಬೆರಳು ಅತ್ತೆಯ ಬೆರಳಿಗಿಂತ ಮೊದಲೇ ಕೀಲಿಗೆ ಹೋಗತೊಡಗಿತು. ಸರಿಯಾದ ಕೀಲಿಗೇ ಹೋಗುತ್ತಿತ್ತು.

ಕಿವಿಯಮ್ಮ ನೀರು ಉಗುಳಿದಳು. "ಕೇಳಿಸ್ತಾ?"

"ಕೇಳಿಸ್ತಿದೆ ಅತ್ತೆ. ಡಬ್ ಅನ್ನೋದರಲ್ಲಿ ಕೊನೆಗೆ ಒಂದು ಬಾಲ ಇಲ್ಲ."

"ಬಾಲ!" ಕಿವಿಯಮ್ಮ ಗಂಡನ ಕಡೆ ತಿರುಗಿದಳು. "ಬಾಲ ಅಂತೆ ಕೇಳಿದ್ರಾ. ಅದನ್ನ ಹಿಡಿಯೋಕೆ ನನಗೆ ನಾಲ್ಕು ವರ್ಷ ಬೇಕಾಯ್ತು ರೀ."

*

ಗಿರಾಕಿಗಳು ಮೂವರು ಬಂದರು. ಇಸ್ತ್ರಿ ಕೆಡದ ಬಟ್ಟೆ. ನೂರು ಹೆಂಚು ಅವರೇ ರಾಶಿಯಿಂದ ಆರಿಸಿದರು. ಒಂದೊಂದನ್ನೂ ಮೊದಲು ಕಿವಿಯಮ್ಮ ತಟ್ಟಿ ಹೇಳಬೇಕು, ಆಮೇಲೆ ಯಂತ್ರ ಹೇಳಬೇಕು, ಕೊನೆಗೆ ನೀಲಿನೀರು ಹೇಳಬೇಕು.

ಐವತ್ತು ದಾಟಿತು, ಅರವತ್ತು ದಾಟಿತು. ಅವಳು ಗಟ್ಟಿ ಅಂದದ್ದಕ್ಕೆ ಯಂತ್ರ ಹಸಿರು, ಬಿರುಕು ಅಂದದ್ದಕ್ಕೆ ಕೆಂಪು. ಷೆಡ್ಡಿನ ತುಂಬ ಜನ.

ಎಪ್ಪತ್ತೊಂದನೆಯ ಹೆಂಚಿಗೆ ಅವಳು "ಗಟ್ಟಿ" ಎಂದಳು. ಸುತ್ತಿಗೆ ಬಿತ್ತು. ಕೆಂಪು.

ಸೊಸೆಯ ಮುಖ ಬಿಳಿಚಿತು. ಕಿವಿಯಮ್ಮ ಹೆಂಚು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. "ನನಗೆ ಗಟ್ಟಿ ಅಂತಲೇ ಕೇಳುತ್ತೆ. ಮುಳುಗಿಸಿ," ಎಂದಳು.

ಮುಳುಗಿಸಿ ತೆಗೆದರು. ಮೂಲೆಯಲ್ಲಿ, ಉಗುರಿನಷ್ಟು ಉದ್ದಕ್ಕೆ, ಸೂಜಿಯಲ್ಲಿ ಗೀರಿದಂಥ ನೀಲಿ ಗೆರೆ.

ಕಿವಿಯಮ್ಮ ನಕ್ಕಳು. ಷೆಡ್ಡಿನ ತಗಡು ಅದುರುವ ಹಾಗೆ ನಕ್ಕಳು. "ಕಳ್ಳ ಮುಂಡೇದು! ನನಗಿಂತ ಮುಂದೆ ಹೋಯ್ತು ನೋಡ್ರೋ!" ಎಂದು ಆ ಹೆಂಚನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಟ್ಟುಕೊಂಡಳು.

ಉಳಿದದ್ದೆಲ್ಲ ಸರಿಯಾಯಿತು. ಗಿರಾಕಿಗಳು ಕೈ ಕುಲುಕಿದರು. ಮಾಲೀಕರು ಎದೆಯುಬ್ಬಿಸಿ, "ದೊಡ್ಡ ಕಂಪನಿಯ ಮಾಲು ಸಾರ್. ಎಲ್ಲ ಅದೇ ಕಲಿತುಕೊಳ್ಳುತ್ತೆ. ನಮ್ಮವರದು ಇದರಲ್ಲಿ ಏನೂ ಇಲ್ಲ," ಎಂದರು.

"ಸುಳ್ಳು ಸಾರ್," ಎಂದಳು ಸೊಸೆ.

ಕಾರ್ಖಾನೆಯಲ್ಲಿ ಅವಳ ಧ್ವನಿ ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. "ಇದು ತಾನಾಗಿ ಏನೂ ಕಲಿಯಲ್ಲ. ಇದಕ್ಕೆ ಕಲಿಸಿದ್ದು ನಮ್ಮತ್ತೆ. ಎರಡು ಸಲ ಕಲಿಸಿದರು. ಮೊದಲನೇ ಸಲದ ತಪ್ಪು ಕಂಡುಹಿಡಿದದ್ದೂ ಅವರೇ. ಕಂಪನಿಯವರಿಗೇ ಸಿಕ್ಕಿರಲಿಲ್ಲ."

ಗಿರಾಕಿಗಳು ಕಿವಿಯಮ್ಮನ ಕಡೆ ತಿರುಗಿದರು. ಮಾಲೀಕರು ಹಲ್ಲು ಕಿರಿದು, "ಹೌದು ಹೌದು. ಹಳೇ ಹೆಲ್ಪರು. ಬಿಡಲ್ಲ ಅವಳನ್ನ. ಇವಳೇ, ನಾಳೆಯಿಂದ ಭಟ್ಟಿ ಹತ್ತಿರ ಪುಡಿ ಗುಡಿಸೋ ಕಡೆ ಬಾ," ಎಂದರು.

ಎಲ್ಲರೂ ಅವಳ ಬಾಯನ್ನೇ ನೋಡಿದರು. ಒಂಬತ್ತು ದಿನದ ಬೈಗುಳ ಬಾಕಿಯಿದೆ, ಈಗ ಬಿತ್ತು ಎಂದುಕೊಂಡರು.

ಕಿವಿಯಮ್ಮ ಬೈಯಲಿಲ್ಲ. ಗಟ್ಟಿ ಹೆಂಚೊಂದನ್ನು ಆರಿಸಿ ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಸುತ್ತಿಗೆ ಬೀಳುವ ಹೊತ್ತಿಗೆ ಮೈಕಿಗೆ ಬಾಯಿ ಹತ್ತಿರ ಒಯ್ದು, ಮೂವತ್ತೊಂದು ವರ್ಷದ ಶಕ್ತಿಯನ್ನೆಲ್ಲ ಸೇರಿಸಿ "ಚ್!" ಎಂದಳು.

ಹಸಿರು.

ಮತ್ತೊಮ್ಮೆ. "ಚ್!"

ಹಸಿರು.

ಸೊಸೆ ಮೇಜಿನ ಆಚೆಯಿಂದ ಅವಳನ್ನು ನೋಡುತ್ತ ನಿಂತಿದ್ದಳು.

"ಈಗ ಕಲೀತು," ಎಂದಳು ಕಿವಿಯಮ್ಮ. "ನನ್ನ ಬಾಯಿ ಕೇಳ್ತಿಲ್ಲ. ಹೆಂಚು ಕೇಳ್ತಿದೆ." ಆಮೇಲೆ ಮಾಲೀಕರ ಕಡೆ ತಿರುಗಿದಳು. "ಪುಡಿ ಗುಡಿಸೋಕೆ ಹೆಲ್ಪರನ್ನ ಹುಡುಕಿಕೊಳ್ಳಿ ಸಾರ್. ನಾನು ಕಲಿಸೋಳು. ಇಲ್ಲಿಯ ಪಾಠ ಮುಗೀತು."

ಬುತ್ತಿ ಎತ್ತಿಕೊಂಡಳು. ನೀಲಿ ಗೆರೆಯ ಹೆಂಚನ್ನು ಕಂಕುಳಲ್ಲಿಟ್ಟಳು. ಕೆಲಸದವರು ಓಡಾಡುವ ಹಿಂದಿನ ಬಾಗಿಲು ಬಿಟ್ಟು, ಗಿರಾಕಿಗಳ ಕಾರು ನಿಂತಿದ್ದ ಮುಂದಿನ ಗೇಟಿನ ಕಡೆ ನಡೆದಳು.

"ಕಿವಿಯಮ್ಮಾ, ಹೆಂಚು ಎಲ್ಲಿಗೆ?" ಎಂದು ತಡೆದ ಗೇಟಿನವನು.

"ಇದು ಒಡೆದದ್ದು ಕಣೋ."

"ನೋಡೋಕೆ ಚೆನ್ನಾಗೇ ಇದೆ?"

"ನನಗೂ ಹಾಗೇ ಅನ್ನಿಸಿತ್ತು. ನಾನು ಕಲಿಸಿದ ಯಂತ್ರ ಹೇಳ್ತು, ಒಡೆದದ್ದು ಅಂತ." ನೀಲಿ ಗೆರೆಯನ್ನು ಅವನ ಕಣ್ಣ ಹತ್ತಿರ ಹಿಡಿದು ತೋರಿಸಿದಳು. "ಮನೇಲಿ ಎಲ್ಲರಿಗೂ ತೋರಿಸಬೇಕು."

ಗೇಟಿನವನು ಸರಿದು ದಾರಿ ಬಿಟ್ಟ. ಅವಳು ರಸ್ತೆ ದಾಟಿದಳು.

"ಸಿಟ್ಟು ಜಾಸ್ತಿ ಅವಳಿಗೆ. ನಾಳೆ ತಾನೇ ಬರ್ತಾಳೆ," ಎಂದರು ಮಾಲೀಕರು ಗಿರಾಕಿಗಳಿಗೆ.

ಮಾರನೆಯ ದಿನ ಎಂಟು ಗಂಟೆಗೆ ಸೈರನ್ ಕೂಗಿತು. ಸೊಸೆ ಒಂದೇ ಬುತ್ತಿ ಹಿಡಿದು ಬಂದಳು. ಕಿವಿಯಮ್ಮ ಬರಲಿಲ್ಲ.